ಕಾಸಿಯಾಳ ಹಾಡು, ಕಾಸಿಯಾಳ ಕಥೆ

ನನ್ನನ್ನು ನೋಡಲು ಬಂದ ಎರಡನೆಯ ಗಂಡಿನ ಕಡೆಯವರು ಉಪ್ಪಿಟ್ಟು, ಕೇಸರಿಬಾತು ಮುಗಿಸಿ, ಕೈ ತೊಳೆದು ಬಂದು ಕುಳಿತ ಮೇಲೆ 'ಹಾಡು ಬರುತ್ತಾ ಅಮ್ಮ?' ಎಂದರು. ಬರುತ್ತದೆ ಎಂದೆ. ಒಂದು ದೇವರನಾಮ ಹಾಡಿದೆ. ಗಂಡಿನ ಸೋದರಮಾವ ಎಲೆಗೆ ಸುಣ್ಣ ಹಚ್ಚುತ್ತಾ, 'ಹಾಡೇನೋ ಚೆನ್ನಾಗಿದೆ. ಆದರೆ ಬಿ.ಎ. ಓದಿದ ಹುಡುಗಿಯರು ಮನೆ ಒಡೆಯುತ್ತಾರೆ ಅಂತ ನಮ್ಮ ಕಡೆ ಒಂದು ಮಾತಿದೆ' ಎಂದು ನಕ್ಕರು. ನಾನು, 'ನಮ್ಮ ಕಡೆ, ಒಡೆದ ಮನೆಗೆ ಸಂಬಳ ತಂದು ಹಾಕುವವರೂ ಅವರೇ ಅಂತ ಮಾತಿದೆ' ಎಂದುಬಿಟ್ಟೆ. ಅಂಥ ಮಾತು ನಮ್ಮ ಕಡೆ ಇರಲಿಲ್ಲ. ಅದು ಆಗಷ್ಟೇ ಹುಟ್ಟಿದ್ದು. ನಾಲ್ಕು ದಿನ ಕಳೆದ ಮೇಲೆ ಜಾತಕ ಕೂಡಿಬರಲಿಲ್ಲವೆಂದು ಕಾಗದ ಬಂತು. ಜಾತಕ ಅವರು ಬರುವ ಮೊದಲೇ ಕೂಡಿಬಂದಿತ್ತು! ಅಮ್ಮ ಒಂದು ವಾರ ನನ್ನ ಜೊತೆ ಮಾತಾಡಲಿಲ್ಲ. ತಟ್ಟೆಯನ್ನು ಮಾತ್ರ ಸ್ವಲ್ಪ ಜೋರಾಗಿ ಇಡುತ್ತಿದ್ದಳು.

ಆ ವಾರವೆಲ್ಲ ನನಗೆ ಜೊತೆಯಾದವಳು ಕಾಸಿಯಾ. ಒಂಬತ್ತನೆಯ ಶತಮಾನದ ಕಾನ್‌ಸ್ಟಾಂಟಿನೋಪಲ್ ಪಟ್ಟಣದ ಹೆಂಗಸು. ನಮ್ಮ ಬಿ.ಎ. ತರಗತಿಯಲ್ಲಿ ಇತಿಹಾಸದ ಮೇಷ್ಟ್ರು ಬೈಜಾಂಟಿಯಂ ಸಾಮ್ರಾಜ್ಯವನ್ನು ಎರಡು ಪೀರಿಯಡ್ಡಿನಲ್ಲಿ ಮುಗಿಸಿದ್ದರು. ಅಷ್ಟರ ನಡುವೆಯೂ ಬಿಡುವು ಮಾಡಿಕೊಂಡು ಅವರು ಹೇಳಿದ ಒಂದೇ ಒಂದು ಕಥೆ ಇವಳದು.

ಕಥೆ ಹೀಗಿದೆ. ಥಿಯೋಫಿಲಸ್ ಎಂಬ ಯುವಕ ಚಕ್ರವರ್ತಿ ಪಟ್ಟಕ್ಕೆ ಬಂದ. ಅವನಿಗೆ ಹೆಣ್ಣು ತರಬೇಕು. ಮಲತಾಯಿ ಯೂಫ್ರೊಸಿನೆ ರಾಜ್ಯದ ಮೂಲೆಮೂಲೆಯಿಂದ ಚೆಲುವೆಯರನ್ನು ಕರೆಸಿ ಅರಮನೆಯಲ್ಲಿ ಸಾಲಾಗಿ ನಿಲ್ಲಿಸಿದಳು. ಮಗನ ಕೈಗೆ ಒಂದು ಚಿನ್ನದ ಸೇಬು ಕೊಟ್ಟು, ಮೆಚ್ಚಿದವಳಿಗೆ ಕೊಡು ಎಂದಳು. ಇದು ನಡೆದದ್ದು 830ರಲ್ಲಿ ಎಂದು ಲೆಕ್ಕ. ಥಿಯೋಫಿಲಸ್ ಸಾಲಿನಲ್ಲಿ ನಡೆದು ಬಂದು ಕಾಸಿಯಾಳ ಎದುರು ನಿಂತ. ಎಲ್ಲರಿಗಿಂತ ಚೆಲುವೆ, ಓದಿದವಳು ಬೇರೆ. ಮಾತು ಹೇಗೆ ಶುರುಮಾಡಬೇಕೋ ತಿಳಿಯದೆ ಅವನು, ಕೆಡುಕೆಲ್ಲ ಬಂದದ್ದು ಹೆಣ್ಣಿನಿಂದ ಎಂಬರ್ಥದ ಮಾತು ಆಡಿದ. ಮೊದಲ ಹೆಣ್ಣು ಹವ್ವ ಹಣ್ಣು ತಿಂದ ಕಥೆ ಅವನ ಮನಸ್ಸಿನಲ್ಲಿತ್ತು. ಕಾಸಿಯಾ, ಒಳಿತು ಬಂದದ್ದೂ ಹೆಣ್ಣಿನಿಂದಲೇ ಎಂದಳು. ಅವಳ ಮನಸ್ಸಿನಲ್ಲಿದ್ದದ್ದು ಏಸುವಿನ ತಾಯಿ ಮೇರಿ. ದೊರೆಗೆ ಮುಖ ಸಣ್ಣಗಾಯಿತು. ಮುಂದೆ ನಡೆದು ಸುಮ್ಮನೆ ನಿಂತಿದ್ದ ಥಿಯೋಡೊರಾಳ ಕೈಗೆ ಸೇಬು ಕೊಟ್ಟ. ಕಾಸಿಯಾ ಮನಸ್ಸು ಮುರಿದು ಸನ್ಯಾಸಿನಿಯಾದಳು, ಮಠ ಕಟ್ಟಿಸಿದಳು, ಹಾಡು ಬರೆದಳು. ಇಲ್ಲಿಗೆ ಮೇಷ್ಟ್ರ ಕಥೆ ಮುಗಿಯಿತು. ಗಂಟೆಯೂ ಹೊಡೆಯಿತು.

ನಾನು ಟೀಚರ್ ಆದ ಮೇಲೆ ಈ ಕಥೆಯನ್ನು ಎಷ್ಟು ಸಲ ಹೇಳಿದೆನೋ ಲೆಕ್ಕವಿಲ್ಲ. ಎಂಟನೆಯ ತರಗತಿಯ ಹುಡುಗಿಯರಿಗೆ ಹೇಳಿದೆ, ಮಹಿಳಾ ದಿನಾಚರಣೆಯ ಭಾಷಣದಲ್ಲಿ ಹೇಳಿದೆ, ಮದುವೆ ತಪ್ಪಿಹೋದ ಗೆಳತಿಯರಿಗೆ ಸಮಾಧಾನಕ್ಕೆ ಹೇಳಿದೆ. ಹೇಳುವಾಗ ಸ್ವಲ್ಪ ಬಣ್ಣವನ್ನೂ ಹಚ್ಚಿದೆ. ಅವಳ ಕಣ್ಣೀರಿನಿಂದಲೇ ಹಾಡು ಹುಟ್ಟಿತು ಎಂದು ಕೊನೆಯಲ್ಲಿ ದನಿ ತಗ್ಗಿಸುತ್ತಿದ್ದೆ. ನಿಜ ಹೇಳಬೇಕೆಂದರೆ ನಾನು ಹೇಳುತ್ತಿದ್ದದ್ದು ನನ್ನ ಕಥೆ. ಚಿನ್ನದ ಸೇಬಿನ ಜಾಗದಲ್ಲಿ ಕೇಸರಿಬಾತಿನ ತಟ್ಟೆ ಇತ್ತು, ಅಷ್ಟೇ. ಇಷ್ಟು ವರ್ಷ ಹೇಳುತ್ತಿದ್ದವಳು ಅವಳ ಒಂದು ಹಾಡನ್ನೂ ಕೇಳಿರಲಿಲ್ಲ, ಒಂದು ಸಾಲನ್ನೂ ಓದಿರಲಿಲ್ಲ ಎಂಬುದು ನನಗೆ ಹೊಳೆಯಲೇ ಇಲ್ಲ.

ಜರ್ಮನಿಯಲ್ಲಿ ಕೆಲಸದಲ್ಲಿರುವ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಊರಿಗೆ ಬಂದಾಗ ಒಂದು ಸಿ.ಡಿ. ತಂದುಕೊಟ್ಟಳು. 'ನಿಮ್ಮ ಕಾಸಿಯಾ ಟೀಚರ್' ಎಂದಳು. ವೋಕಾಮೆ ಎಂಬ ತಂಡದ ನಾಲ್ವರು ಗಾಯಕಿಯರು ಹಾಡಿ 2009ರಲ್ಲಿ ಹೊರಬಂದ ಸಿ.ಡಿ. ಅದು. ಜೊತೆಗೆ ಒಂದು ಪುಟ್ಟ ಪುಸ್ತಕವೂ ಇತ್ತು. ಅಲ್ಲಿಂದ ನನ್ನ ಕಥೆಯ ಗೋಡೆ ಒಂದೊಂದು ಇಟ್ಟಿಗೆಯಾಗಿ ಕಳಚಿಬಿದ್ದದ್ದನ್ನು ನಿಮಗೆ ಹೇಳಬೇಕು.

ಮೊದಲು ಬಿದ್ದದ್ದು ಮುರಿದ ಮನಸ್ಸಿನ ಇಟ್ಟಿಗೆ. ಆ ಕಾಲದ ಕಾನ್‌ಸ್ಟಾಂಟಿನೋಪಲ್ಲಿನಲ್ಲಿ ಒಂದು ದೊಡ್ಡ ಜಗಳ ನಡೆಯುತ್ತಿತ್ತು. ದೇವರ, ಸಂತರ ಚಿತ್ರಪಟಗಳಿಗೆ ಕೈಮುಗಿಯಬಹುದೇ, ಕೂಡದೇ ಎಂಬುದು ಜಗಳ. 815ರಲ್ಲಿ ಅರಮನೆ ಮತ್ತೆ ಕೂಡದು ಎಂದಿತು. ಒಪ್ಪದ ಸನ್ಯಾಸಿಗಳಿಗೆ ಗಡೀಪಾರು, ಸೆರೆ, ಚಾಟಿಯೇಟು. ಹಾಗೆ ಗಡೀಪಾರಾದವರಲ್ಲಿ ಸ್ಟುಡಿಯೋಸ್ ಮಠದ ಗುರು ಥಿಯೋಡೋರ್ ದೊಡ್ಡ ಹೆಸರು. ಅವನು ಬರೆದ ಪತ್ರಗಳು ಉಳಿದಿವೆ. ಅವುಗಳಲ್ಲಿ ಮೂರು ಪತ್ರ ಕಾಸಿಯಾ ಎಂಬ ಹುಡುಗಿಗೆ ಬರೆದವು. ಇಷ್ಟು ಚಿಕ್ಕವಳಿಗೆ ಇಷ್ಟು ವಿದ್ಯೆಯೇ ಎಂದು ಅವನು ಬೆರಗಾಗುತ್ತಾನೆ. ಸನ್ಯಾಸ ತೆಗೆದುಕೊಳ್ಳಬೇಕೆಂಬ ಅವಳ ಹಂಬಲದ ಮಾತೂ ಅಲ್ಲಿ ಬರುತ್ತದೆ. ತೊಂದರೆಯಲ್ಲಿದ್ದ ಸನ್ಯಾಸಿಗಳ ಪರ ನಿಂತು ಅವಳು ಚಾಟಿಯೇಟು ತಿಂದಳೆಂದು ಈ ಪತ್ರಗಳನ್ನು ಓದಿದವರು ಹೇಳುತ್ತಾರೆ. ಈ ಹುಡುಗಿಯೇ ನಮ್ಮ ಕಾಸಿಯಾ ಎಂದು ಬಹುಪಾಲು ವಿದ್ವಾಂಸರು ಒಪ್ಪಿದ್ದಾರೆ. ಈಗ ನೋಡಿ, ಥಿಯೋಡೋರ್ ತೀರಿಕೊಂಡದ್ದು 826ರಲ್ಲಿ. ಸೇಬಿನ ಪ್ರಸಂಗ 830ರದು. ದೊರೆ ಬೇಡವೆಂದದ್ದಕ್ಕೆ ಸನ್ಯಾಸಿನಿಯಾದಳು ಎಂದರೆ, ಅವನು ಬೇಡವೆನ್ನುವುದಕ್ಕೆ ನಾಲ್ಕು ವರ್ಷ ಮೊದಲೇ ಇವಳಿಗೆ ಆ ಹಂಬಲ ಹುಟ್ಟಿದ್ದು ಹೇಗೆ?

ಇಷ್ಟು ಸರಳವಾದ ಕೂಡುಕಳೆಯುವ ಲೆಕ್ಕವನ್ನು ನಾನು ಮಾಡಿರಲಿಲ್ಲ. ಮಕ್ಕಳಿಗೆ ಇಸವಿಗಳನ್ನು ಉರುಹೊಡೆಸುವ ಟೀಚರ್ ನಾನು! ಹೆಣ್ಣೊಬ್ಬಳು ಮದುವೆಯಾಗಲಿಲ್ಲ ಎಂದರೆ ಯಾವನೋ ಒಲ್ಲೆನೆಂದಿರಬೇಕು ಎಂದು ನಮ್ಮ ಊರಿನವರು ತೀರ್ಮಾನಿಸುತ್ತಾರಲ್ಲ, ನಾನೂ ಅದೇ ಊರಿನವಳಾಗಿದ್ದೆ.

ಸೇಬಿನ ಕಥೆಯನ್ನು ನಮಗೆ ಮೊದಲು ಹೇಳುವವನು ಹತ್ತನೆಯ ಶತಮಾನದ ಚರಿತ್ರಕಾರ ಸಿಮಿಯೋನ್. ನಡೆದದ್ದು ನಿಜವೇ ಎಂದು ಅನುಮಾನಿಸುವವರೂ ಇದ್ದಾರೆ. ಆದರೆ ಕಥೆಯನ್ನು ಜಗತ್ತಿಗೆಲ್ಲ ಹಂಚಿದವರಲ್ಲಿ ಎಡ್ವರ್ಡ್ ಗಿಬ್ಬನ್ ದೊಡ್ಡವನು. ರೋಮ್ ಸಾಮ್ರಾಜ್ಯದ ಅವನತಿಯ ಬಗ್ಗೆ ಅವನು ಬರೆದ ಮಹಾಗ್ರಂಥದ 1788ರಲ್ಲಿ ಬಂದ ಸಂಪುಟಗಳಲ್ಲಿ ಇದು ಬರುತ್ತದೆ. ನಮ್ಮ ಮೇಷ್ಟ್ರು ಓದಿದ್ದೂ ಅವನನ್ನೇ ಎಂದು ಈಗ ಗೊತ್ತಾಗುತ್ತದೆ. ಅವನ ಪ್ರಕಾರ ಕಾಸಿಯಾಳ ಉತ್ತರ ಅಧಿಕಪ್ರಸಂಗ, ಹೊತ್ತಲ್ಲದ ಹೊತ್ತಿನ ಚಮತ್ಕಾರ. ಥಿಯೋಡೊರಾಳಿಗೆ ಸಿಕ್ಕಿದ್ದು ವಿನಯದ ಮೌನಕ್ಕೆ ಬಂದ ಬಹುಮಾನ. ಹೆಣ್ಣಿನಿಂದ ಕೆಡುಕು ಬಂತೆಂದು ಹೆಣ್ಣು ನೋಡಲು ಬಂದಾಗ ಹೇಳುವುದು ಯಾವ ಹೊತ್ತಿನ ಚಮತ್ಕಾರ ಎಂದು ಆ ಪುಣ್ಯಾತ್ಮ ಕೇಳಲಿಲ್ಲ. ಗಿಬ್ಬನ್ನನ ಗದ್ಯ ಎಷ್ಟೇ ಗಂಭೀರವಾಗಿರಲಿ, ಈ ಒಂದು ಪ್ಯಾರಾದಲ್ಲಿ ಅವನು ಎಲೆಗೆ ಸುಣ್ಣ ಹಚ್ಚುತ್ತಾ ಕುಳಿತ ಸೋದರಮಾವನ ಹಾಗೇ ನನಗೆ ಕಾಣುತ್ತಾನೆ.

ಥಿಯೋಡೊರಾಳ ಬಗ್ಗೆಯೂ ಒಂದು ಮಾತು ಹೇಳದೆ ಮುಂದೆ ಹೋದರೆ ಅನ್ಯಾಯ. ಸುಮ್ಮನೆ ನಿಂತು ಸೇಬು ಪಡೆದವಳು ಎಂದು ನಾನೂ ಅವಳನ್ನು ಎಷ್ಟೋ ಸಲ ಹಗುರವಾಗಿ ಆಡಿಕೊಂಡಿದ್ದೇನೆ. ಗಂಡ ಚಿತ್ರಪಟಗಳ ಕಡುವೈರಿ. 842ರಲ್ಲಿ ಅವನು ಸತ್ತ. ಎಳೆಯ ಮಗನ ಪರವಾಗಿ ಆಳ್ವಿಕೆ ಹಿಡಿದ ಆಕೆ 843ರಲ್ಲಿ ಚಿತ್ರಪಟಗಳನ್ನು ಗೌರವದಿಂದ ಚರ್ಚಿಗೆ ವಾಪಸು ತರಿಸಿದಳು. ಕಾಸಿಯಾ ಯಾವುದಕ್ಕಾಗಿ ಏಟು ತಿಂದಳೋ ಅದನ್ನು ಆಗಮಾಡಿದವಳು ಈ ಮಾತಾಡದ ಹುಡುಗಿ. ಕಾಸಿಯಾಳ ಮಠ ಪಟ್ಟಣದ ಪಶ್ಚಿಮ ಭಾಗದಲ್ಲಿ ಎದ್ದದ್ದೂ ಸುಮಾರು ಆ ಹೊತ್ತಿಗೇ. ಇವರಿಬ್ಬರನ್ನು ಎದುರಾಳಿಗಳೆಂದು ನಿಲ್ಲಿಸಿದ್ದು ಕಥೆ ಹೇಳುವವರು.

ಇನ್ನು ಹಾಡಿಗೆ ಬರೋಣ. ಅವಳ ಹೆಸರಿನಲ್ಲಿ ಸುಮಾರು ಐವತ್ತು ಸ್ತುತಿಗೀತೆಗಳು ಸಿಗುತ್ತವೆ. ಅವುಗಳಲ್ಲಿ ಇಪ್ಪತ್ತಮೂರು ಖಚಿತವಾಗಿ ಅವಳವೇ ಎಂದು ಎಣಿಸುತ್ತಾರೆ. ಮಾತೂ ಅವಳದೇ, ಧಾಟಿಯೂ ಅವಳದೇ. ನಮ್ಮ ದಾಸರ ಹಾಗೆ ಬರೆದವಳೇ ಹಾಡಿದವಳು. ಬೈಜಾಂಟಿಯಂನಲ್ಲಿ ಹಾಡು ಕಟ್ಟಿದ ಬೇರೆ ಹೆಂಗಸರ ಹೆಸರುಗಳೂ ಉಂಟು. ಆದರೆ ಚರ್ಚಿನ ಪೂಜಾಗ್ರಂಥಗಳ ಒಳಗೆ ಜಾಗ ಪಡೆದವಳು ಇವಳೊಬ್ಬಳೇ. ಅಲ್ಲಿಯ ಚರ್ಚ್ ಗಾಯನಕ್ಕೆ ವಾದ್ಯ ಇಲ್ಲ. ಎಂಟು ರಾಗಪದ್ಧತಿಗಳಿವೆ. ಒಬ್ಬ ಹಾಡುಗಾರ ಮುಂದೆ ನಿಂತು ಹಾಡುತ್ತಾನೆ, ಉಳಿದವರು ಒಂದು ಸ್ವರವನ್ನು ಹಿಡಿದು ನಿಲ್ಲುತ್ತಾರೆ. ಅದಕ್ಕೆ 'ಈಸೋನ್' ಎಂದು ಹೆಸರು. ನಮ್ಮ ತಂಬೂರಿಯ ಶ್ರುತಿಯೇ ಎನ್ನಿ. ತಂಬೂರಿ ಕಛೇರಿ ಮುಗಿಯುವ ತನಕ ಅಲುಗುವುದಿಲ್ಲ, ಈಸೋನ್ ಹಾಡು ಬೇರೆ ನೆಲೆಗೆ ಹೋದಾಗ ತಾನೂ ಸರಿಯುತ್ತದೆ. ಮನುಷ್ಯರೇ ಶ್ರುತಿಯಾಗಿ ನಿಂತಾಗ ಅದರಲ್ಲಿ ಉಸಿರು ಕೇಳಿಸುತ್ತದೆ. ಅವರ ಸ್ವರಾಕ್ಷರಗಳೂ ಏಳು: ಪಾ, ವು, ಗಾ, ದಿ, ಕೆ, ಜೋ, ನಿ. ಇವು 1814ರಲ್ಲಿ ಕಾನ್‌ಸ್ಟಾಂಟಿನೋಪಲ್ಲಿನ ಮೂವರು ಸಂಗೀತ ಗುರುಗಳು ಸ್ವರಲಿಪಿಯನ್ನು ಸರಿಪಡಿಸಿದಾಗ ಗ್ರೀಕ್ ವರ್ಣಮಾಲೆಯ ಮೊದಲ ಏಳು ಅಕ್ಷರಗಳಿಂದ ಬಂದವು. ಗಾ ಮತ್ತು ನಿ ನಮ್ಮಲ್ಲೂ ಇವೆಯಲ್ಲ ಎಂದು ನನ್ನ ಸಂಗೀತದ ಮೇಡಂ ಸಂಭ್ರಮಪಟ್ಟರು. ಅದು ಕಾಕತಾಳೀಯ, ಮೇಡಂ ಎಂದೆ. ಅವರಿಗೆ ಬೇಸರವಾಯಿತು.

ಕಾಸಿಯಾಳ ಹಾಡುಗಳಲ್ಲಿ ಜನಕ್ಕೆ ಬಹಳ ಬೇಕಾದದ್ದು ಒಂದು. ಗ್ರೀಕ್ ಚರ್ಚುಗಳಲ್ಲಿ ಈಸ್ಟರ್ ಹಬ್ಬದ ಹಿಂದಿನ ವಾರದ ಮಂಗಳವಾರ ಸಂಜೆ ಅದನ್ನು ಹಾಡುತ್ತಾರೆ. ಅದನ್ನು ಕೇಳುವುದಕ್ಕೆಂದೇ ಆ ಒಂದು ಸಂಜೆ ಚರ್ಚು ತುಂಬುತ್ತದೆ. ಜನ ಅದರ ಹೆಸರನ್ನೂ ಬಿಟ್ಟು 'ಕಾಸಿಯಾನಿ' ಎಂದೇ ಕರೆಯುತ್ತಾರೆ. ಹಾಡಿನ ವಸ್ತು ಲೂಕನ ಸುವಾರ್ತೆಯ ಏಳನೆಯ ಅಧ್ಯಾಯದ್ದು. ಸಿಮೋನನೆಂಬ ಮಡಿವಂತನ ಮನೆಯಲ್ಲಿ ಏಸು ಊಟಕ್ಕೆ ಕುಳಿತಿದ್ದಾನೆ. ಊರಿನಲ್ಲಿ ಕೆಟ್ಟ ಹೆಸರಿನ ಹೆಂಗಸೊಬ್ಬಳು ಒಳಗೆ ಬಂದು, ಅವನ ಪಾದದ ಮೇಲೆ ಕಣ್ಣೀರು ಸುರಿಸಿ, ತಲೆಗೂದಲಿನಿಂದ ಒರೆಸಿ, ಸುಗಂಧ ತೈಲ ಹಚ್ಚುತ್ತಾಳೆ. ಮಡಿವಂತ ಮೂಗು ಮುರಿಯುತ್ತಾನೆ. ಏಸು ಅವಳ ಪಾಪವನ್ನು ಕ್ಷಮಿಸುತ್ತಾನೆ.

ನಾನು ಹಾಡಿನ ಅನುವಾದವನ್ನು ಓದಿದ ಮೇಲೆ ಲೂಕನ ಅಧ್ಯಾಯವನ್ನೂ ತೆಗೆದು ಓದಿದೆ. ನಮ್ಮ ಶಾಲೆಯ ಕ್ರೈಸ್ತ ಸಹೋದ್ಯೋಗಿಯೊಬ್ಬರು ತಮ್ಮ ಕನ್ನಡ ಬೈಬಲ್ ಕೊಟ್ಟಿದ್ದರು. ಎರಡು ಸಲ ಓದಿದಾಗ ಒಂದು ವಿಷಯ ಕಣ್ಣಿಗೆ ಬಿತ್ತು. ಆ ಪ್ರಸಂಗದಲ್ಲಿ ಸಿಮೋನ ಮಾತಾಡುತ್ತಾನೆ, ಏಸು ಮಾತಾಡುತ್ತಾನೆ, ಜೊತೆಯಲ್ಲಿ ಊಟಕ್ಕೆ ಕುಳಿತವರೂ ತಮ್ಮತಮ್ಮಲ್ಲಿ ಮಾತಾಡಿಕೊಳ್ಳುತ್ತಾರೆ. ಆ ಹೆಂಗಸು ಒಂದೇ ಒಂದು ಶಬ್ದವನ್ನೂ ಆಡುವುದಿಲ್ಲ. ಅವಳಿಗೆ ಹೆಸರೂ ಇಲ್ಲ. ಅವಳ ಬಗ್ಗೆ ಇಷ್ಟೆಲ್ಲ ಮಾತು ನಡೆಯುವಾಗ ಅವಳು ಸುಮ್ಮನೆ ಅಳುತ್ತಾಳೆ.

ಕಾಸಿಯಾ ಆ ಬಾಯಿಗೆ ಮಾತು ಕೊಟ್ಟಳು. ಹಾಡು ಶುರುವಾಗುವುದು ಬೇರೆಯವರು ಅವಳ ಬಗ್ಗೆ ಹೇಳುವ ರೀತಿಯಲ್ಲೇ. ಆದರೆ ಎರಡು ಉಸಿರಿನಲ್ಲಿ ಅದು ಮುಗಿದು ಹೆಂಗಸೇ ಮಾತಿಗೆ ತೊಡಗುತ್ತಾಳೆ. ಆಮೇಲೆ ಕೊನೆಯ ತನಕ ಬೇರೆ ದನಿಯೇ ಇಲ್ಲ. ಆ ಮೊದಲ ಭಾಗದಲ್ಲೂ ಒಂದು ಸೂಕ್ಷ್ಮ ಇದೆ. ಏಸುವಿನ ಶವಕ್ಕೆ ಪೂಸಲು ತೈಲ ಒಯ್ದ ಹೆಂಗಸರು ಕ್ರೈಸ್ತರಿಗೆ ಬಹಳ ಪೂಜ್ಯರು. ಈ ಪಾಪಿ ಹೆಂಗಸು ಅವರ ದರ್ಜೆಯನ್ನು ತಾನೇ ತೆಗೆದುಕೊಂಡಳು ಎಂದು ಕಾಸಿಯಾ ಹೇಳುತ್ತಾಳೆ. ಅಲ್ಲಿ ಬಳಸಿರುವ ಗ್ರೀಕ್ ಮಾತು ಹುದ್ದೆ, ಪದವಿ ಎನ್ನುವ ಅರ್ಥದ್ದು. ಯಾರೂ ಕೊಡಲಿಲ್ಲ, ಅವಳು ಕೇಳಲೂ ಇಲ್ಲ. ಹೋಗಿ ವಹಿಸಿಕೊಂಡಳು.

ಆಮೇಲೆ ಅವಳ ಮಾತು. ತನ್ನ ರಾತ್ರಿಗೆ ಚಂದ್ರನಿಲ್ಲ ಎನ್ನುತ್ತಾಳೆ. ಕಡಲಿನ ನೀರನ್ನು ಮೋಡ ಮಾಡಿ ಎತ್ತುವವನಿಗೆ ತನ್ನ ಕಣ್ಣೀರಿನ ಒರತೆಯನ್ನು ಒಪ್ಪಿಸುತ್ತಾಳೆ. ಈ ಕಲ್ಪನೆ ನನಗೆ ಬಹಳ ಹಿಡಿಸಿತು. ಕಡಲೂ ಉಪ್ಪು, ಕಣ್ಣೀರೂ ಉಪ್ಪು, ಮೋಡಕ್ಕೇರಿದರೆ ಎರಡೂ ಸಿಹಿ. ಕವಿ ಇದನ್ನು ಬಿಡಿಸಿ ಹೇಳುವುದಿಲ್ಲ, ವಿಜ್ಞಾನದ ಪಾಠ ಮಾಡುವ ನಮ್ಮಂಥವರು ಬಿಡಿಸಿಕೊಳ್ಳುತ್ತೇವೆ. ನಂತರ ಪಾದಗಳ ಮಾತು ಬರುತ್ತದೆ. ಆ ಪಾದಗಳನ್ನು ಮುತ್ತಿಡುತ್ತೇನೆ, ಕೂದಲಿನಿಂದ ಒರೆಸುತ್ತೇನೆ ಎಂದವಳೇ ಇದ್ದಕ್ಕಿದ್ದಂತೆ ಹವ್ವಳನ್ನು ನೆನೆಯುತ್ತಾಳೆ. ಹಣ್ಣು ತಿಂದ ದಿನದ ಸಂಜೆ ತೋಟದಲ್ಲಿ ದೇವರ ಹೆಜ್ಜೆಯ ಸಪ್ಪಳ ಕೇಳಿ ಹವ್ವ ಹೆದರಿ ಅವಿತುಕೊಂಡಳಲ್ಲ, ಇವು ಆ ಹೆಜ್ಜೆಗಳೇ ಎನ್ನುತ್ತಾಳೆ.

ಇಲ್ಲಿಗೆ ಕಥೆಗಾರರು ಮತ್ತೆ ಬಾಗಿಲು ತಟ್ಟುತ್ತಾರೆ. ಗ್ರೀಸ್ ದೇಶದಲ್ಲಿ ಮನೆಮನೆಯಲ್ಲೂ ಗೊತ್ತಿರುವ ಐತಿಹ್ಯ ಒಂದಿದೆ. ಕಾಸಿಯಾ ಮಠದಲ್ಲಿ ಕುಳಿತು ಈ ಹಾಡು ಬರೆಯುತ್ತಿದ್ದಾಗ, ಮುಪ್ಪಾಗುತ್ತಿದ್ದ ಥಿಯೋಫಿಲಸ್ ಅವಳನ್ನು ನೋಡಬೇಕೆಂದು ಬಂದನಂತೆ. ಹೆಜ್ಜೆಯ ಸಪ್ಪಳ ಕೇಳಿ, ಹಳೆಯ ಪ್ರೇಮಕ್ಕೆ ಎಲ್ಲಿ ಸೋತುಬಿಡುತ್ತೇನೋ ಎಂದು ಅವಳು ಅವಿತುಕೊಂಡಳಂತೆ. ಅವನು ಮೇಜಿನ ಮೇಲಿದ್ದ ಅರ್ಧ ಹಾಡನ್ನು ಓದಿ, ಅಳುತ್ತಾ, ಹವ್ವಳ ಆ ಸಾಲನ್ನು ತಾನೇ ಸೇರಿಸಿ ಹೊರಟುಹೋದನಂತೆ. ಅವಳು ಅದನ್ನು ಅಳಿಸದೆ ಹಾಡನ್ನು ಮುಗಿಸಿದಳಂತೆ. ಕೇಳಲು ಎಷ್ಟು ಸೊಗಸಾಗಿದೆ! ಇದನ್ನು ಮೊದಲ ಸಲ ಓದಿದಾಗ ನಾನೂ ಕಣ್ಣೊರೆಸಿಕೊಂಡೆ. ಎರಡನೆಯ ಸಲಕ್ಕೆ ಮೈ ಉರಿಯಿತು.

ಯಾಕೆಂದರೆ ಇಡೀ ಹಾಡಿನಲ್ಲಿ ಅತ್ಯಂತ ಒಳ್ಳೆಯ ಜಾಗ ಅದೇ. ಅದನ್ನೇ ಎತ್ತಿ ಗಂಡಸಿಗೆ ಕೊಟ್ಟರು. ಮೂರನೆಯ ದರ್ಜೆಯ ಒಂದು ಸಾಲನ್ನು ಕೊಟ್ಟಿದ್ದರೆ ನಾನು ಸುಮ್ಮನಿರುತ್ತಿದ್ದೆನೋ ಏನೋ. ಅದಕ್ಕಿಂತ ಮುಖ್ಯವಾದದ್ದು, ಆ ಸಾಲು ಹೊರಗಿನವರು ಬಂದು ಸಿಕ್ಕಿಸಿದ ಗುಂಡಿ ಅಲ್ಲ. ಬಟ್ಟೆಯ ನೇಯ್ಗೆಯಲ್ಲೇ ಇರುವುದು. ಪಾದಗಳನ್ನು ಹಿಡಿದುಕೊಂಡ ಹೆಂಗಸು, ಆ ಪಾದಗಳ ಸದ್ದಿಗೇ ಓಡಿಹೋದ ಹೆಂಗಸು. ಒಬ್ಬಳು ಅವಿತಳು, ಒಬ್ಬಳು ಹುಡುಕಿಕೊಂಡು ಬಂದಳು. ಇಬ್ಬರೂ ಪಾಪಿಗಳೇ. ಇದನ್ನು ತೆಗೆದರೆ ಮುಂಚಿನ ಸಾಲುಗಳ ಮುತ್ತಿಡುವುದು, ಒರೆಸುವುದು ಎಲ್ಲ ಬರಿಯ ಗೋಳಾಗುತ್ತದೆ. ಇದು ಬಂದಮೇಲೆ ಅದು ಒಂದು ದೊಡ್ಡ ಧೈರ್ಯವಾಗುತ್ತದೆ. ಹವ್ವಳ ಹೆಸರೆತ್ತಿ ಕೆಡುಕೆಲ್ಲ ನಿಮ್ಮಿಂದ ಎಂದವರಿಗೆ ಸಾಲಿನಲ್ಲಿ ನಿಂತಾಗ ಕೊಟ್ಟ ಉತ್ತರ ಅರ್ಧ, ಇನ್ನರ್ಧ ಇಲ್ಲಿದೆ ಎಂದು ನನಗನ್ನಿಸುತ್ತದೆ. ಅಲ್ಲಿ ಅವಳು ಮೇರಿಯ ನೆರವು ಪಡೆದಳು. ಇಲ್ಲಿ ಕಳಂಕವಿಲ್ಲದ ಮೇರಿ ಬೇಕಾಗಲಿಲ್ಲ, ಹಾದಿಬೀದಿಯ ಹೆಂಗಸೇ ಸಾಕಾದಳು. ಸೇಬಿನ ಪ್ರಸಂಗ ನಡೆಯದೇ ಇದ್ದರೂ ಈ ಮಾತು ನಿಲ್ಲುತ್ತದೆ. ಆ ಕಾಲದ ಉಪದೇಶಗಳಲ್ಲಿ ಹವ್ವಳ ಮೇಲಿನ ದೂರು ದಿನವೂ ಕೇಳಿಬರುತ್ತಿದ್ದದ್ದೇ.

ಇನ್ನೊಂದು ವಿಷಯ. ಲೂಕನಲ್ಲಿ ಕ್ಷಮೆಯ ಮಾತು ಬರುತ್ತದೆ ಎಂದೆನಲ್ಲ. ಹಾಡಿನಲ್ಲಿ ಅದು ಬರುವುದೇ ಇಲ್ಲ. ಅವಳು ಬೇಡಿಕೊಳ್ಳುತ್ತಾಳೆ, ಹಾಡು ಮುಗಿಯುತ್ತದೆ. ಉತ್ತರ ಏನು ಬಂತೆಂದು ಕವಿ ಹೇಳಲಿಲ್ಲ. ಕೊನೆಗೆ ಎಲ್ಲ ಸರಿಹೋಯಿತು ಎಂದು ಮುಗಿಸುವ ಆಸೆಯನ್ನು ತಡೆದುಕೊಳ್ಳುವುದು ಎಷ್ಟು ಕಷ್ಟವೆಂದು ಶಾಲೆಯ ವಾರ್ಷಿಕೋತ್ಸವಕ್ಕೆ ನಾಟಕ ಬರೆದ ನನಗೆ ಗೊತ್ತು.

ಅವಳದೆಲ್ಲವೂ ನನಗೆ ಹಿಡಿಸಿತೆಂದಲ್ಲ. ಕ್ರಿಸ್ಮಸ್ ಸಂಜೆಗೆ ಬರೆದ ಹಾಡೊಂದಿದೆ. ರೋಮಿನ ಅಗಸ್ಟಸ್ ಒಬ್ಬನೇ ಅರಸನಾದಾಗ ಹಲವು ರಾಜರ ಆಳ್ವಿಕೆ ನಿಂತಿತು, ಏಸು ಹುಟ್ಟಿದಾಗ ಹಲವು ದೇವರ ಪೂಜೆ ನಿಂತಿತು ಎಂದು ಜೋಡಿ ಜೋಡಿಯಾಗಿ ಸಾಗುತ್ತದೆ. ಜೋಡಿಯ ಎರಡು ಭಾಗಕ್ಕೂ ಒಂದೇ ಧಾಟಿ. ಕಿವಿಗೆ ಅಚ್ಚುಕಟ್ಟು, ಇಬ್ಬರು ಎದುರುಬದುರು ನಿಂತು ಹಾಡಲು ಹೇಳಿಮಾಡಿಸಿದ ಹಾಗಿದೆ. ಹಲವು ದೇವರನ್ನು ಇಟ್ಟುಕೊಂಡಿರುವ ನನಗೆ ಅದರ ವಾದ ರುಚಿಸಲಿಲ್ಲ, ಅಷ್ಟೇ. ಅವಳ ಚುಟುಕು ಪದ್ಯಗಳೂ ಇವೆ. ತನಗೆ ಹೇಸಿಗೆಯಾಗುವವರ ಪಟ್ಟಿಯನ್ನೇ ಕೊಡುತ್ತಾಳೆ. ತಿಳಿದವನಂತೆ ನಟಿಸುವ ದಡ್ಡ, ಇದ್ದೂ ಇಲ್ಲವೆಂದು ಗೋಳಾಡುವ ಸಾಹುಕಾರ, ಮಾತಾಡಬೇಕಾದಾಗ ಬಾಯಿ ಕಟ್ಟಿಕೊಳ್ಳುವ ಮೌನ, ಹೀಗೆ. ಸ್ಟಾಫ್‌ರೂಮಿನಲ್ಲಿ ಓದಿ ಹೇಳಿದಾಗ ಪ್ರತಿಯೊಂದಕ್ಕೂ ನಾವು ಒಬ್ಬೊಬ್ಬರ ಹೆಸರು ಹಚ್ಚಿದೆವು. ಆದರೆ ಅದೇ ಪದ್ಯಗಳ ನಡುವೆ ಅರ್ಮೇನಿಯದ ಜನರನ್ನು ಇಡೀ ಕುಲವಾಗಿ ಹೀಗಳೆಯುವ ಒಂದು ಪದ್ಯವೂ ಅವಳ ಹೆಸರಿನಲ್ಲಿದೆ. ಅದನ್ನು ನಾನು ಸ್ಟಾಫ್‌ರೂಮಿನಲ್ಲಿ ಓದಲಿಲ್ಲ. ಹೆಣ್ಣುಕುಲವನ್ನು ಒಟ್ಟಿಗೆ ದೂರಿದಾಗ ಎದುರಾಡಿದವಳು ಇನ್ನೊಂದು ಕುಲವನ್ನು ಹಾಗೆ ಒಟ್ಟಿಗೆ ದೂರಬಾರದಿತ್ತು.

ಹೆಂಗಸರ ಬಗ್ಗೆ ಹಾಡುವಾಗ ಅವಳು ಬೇರೆಯೇ. ಬಾರ್ಬರಾ, ಕ್ರಿಸ್ಟೀನಾ ಎಂಬ ಹುತಾತ್ಮ ಹುಡುಗಿಯರ ಮೇಲೆ, ನಟಿಯಾಗಿದ್ದು ತಪಸ್ವಿನಿಯಾದ ಆಂಟಿಯೋಕಿನ ಪೆಲಾಗಿಯಾಳ ಮೇಲೆ ಬರೆದಿದ್ದಾಳೆ. ಎಲ್ಲಕ್ಕಿಂತ ನನ್ನ ಹೊಟ್ಟೆ ಉರಿಸಿದ್ದು ಈಸ್ಟರ್ ಹಿಂದಿನ ಶನಿವಾರಕ್ಕೆಂದು ಅವಳು ಕಟ್ಟಿದ ಹಾಡುಗಳ ಮಾಲೆಯ ಗತಿ. ಹನ್ನೆರಡನೆಯ ಶತಮಾನದ ಥಿಯೋಡೋರ್ ಪ್ರೊಡ್ರೊಮೋಸ್ ಎಂಬ ಲೇಖಕ ಅದನ್ನು ಬರೆದಿಟ್ಟಿದ್ದಾನೆ. ಅಷ್ಟು ಪವಿತ್ರ ದಿನ ಹೆಂಗಸು ಬರೆದದ್ದನ್ನು ಹಾಡುವುದೇ ಎಂದು ಹಿರಿಯರಿಗೆ ಮುಜುಗರವಾಯಿತಂತೆ. ಅವಳ ಪಲ್ಲವಿಗಳಂಥ ಮೊದಲ ನುಡಿಗಳನ್ನು, ಅವುಗಳ ಧಾಟಿಯನ್ನು ಹಾಗೇ ಇಟ್ಟುಕೊಂಡು, ಉಳಿದ ನುಡಿಗಳನ್ನು ಒಟ್ರಾಂಟೊದ ಬಿಷಪ್ ಮಾರ್ಕನಿಂದ ಹೊಸದಾಗಿ ಬರೆಸಿದರು. ಧಾಟಿಯಿಲ್ಲದೆ ನಡೆಯದು, ಹೆಂಗಸಿನ ಮಾತು ಬೇಡ! ಅಡುಗೆ ಬೇಕು, ಅಡುಗೆಯವಳು ಪಂಕ್ತಿಗೆ ಬರಬಾರದು ಎಂದ ಹಾಗೆ.

ಆ ಮಂಗಳವಾರದ ಹಾಡನ್ನೂ ಶತಮಾನಗಳಿಂದ ಚರ್ಚುಗಳಲ್ಲಿ ಹೆಚ್ಚಾಗಿ ಹಾಡಿಕೊಂಡು ಬಂದವರು ಗಂಡಸರು. ಸನ್ಯಾಸಿನಿಯರ ಮಠಗಳಲ್ಲಿ ಮಾತ್ರ ಹೆಂಗಸರೇ ಹಾಡುತ್ತಾರೆ. ಕಾಸಿಯಾ ಬರೆದದ್ದೂ ತನ್ನ ಮಠದ ಹೆಣ್ಣುಮಕ್ಕಳ ಕೊರಳಿಗೇ ಇರಬೇಕು. ಈಚಿನ ದಶಕಗಳಲ್ಲಿ ಗ್ರೀಸಿನ ನೆಕ್ತಾರಿಯಾ ಕರಾಂಜಿಯಂಥ ಗಾಯಕಿಯರು ಈ ಸಂಗೀತವನ್ನು ವೇದಿಕೆಗೂ ಧ್ವನಿಮುದ್ರಣಕ್ಕೂ ತಂದಿದ್ದಾರೆ. ಚರ್ಚಿನ ಗಂಡಸು ಹಾಡುಗಾರರಲ್ಲಿ ಹದಿನೆಂಟನೆಯ ಶತಮಾನದ ಪೇತ್ರೋಸ್ ಪೆಲೊಪೊನ್ನೇಸಿಯೋಸ್ ಕೂಡಿಸಿದ ಧಾಟಿ ಪ್ರಸಿದ್ಧವಾದದ್ದು. ಅವನು 1778ರಲ್ಲಿ ತೀರಿಕೊಂಡ. ಆ ಸಂಪ್ರದಾಯದ ನಿಧಾನ ಗಾಯನವನ್ನು ನಾನು ಕೇಳಿದ್ದೇನೆ. ಮೂಲ ನೆಲೆ ಅವರ 'ನಿ', ನಮ್ಮ ಕಿವಿಗೆ ಶಂಕರಾಭರಣದ ಛಾಯೆ ಕಾಣುತ್ತದೆ. ದನಿ ಪಾತಾಳಕ್ಕಿಳಿದು ಮತ್ತೆ ಮುಗಿಲಿಗೇರುತ್ತದೆ, ಒಂದೊಂದು ಅಕ್ಷರವೂ ಒಂದೊಂದು ಆಲಾಪನೆ. ಹಾಡುಗಾರನ ಶಕ್ತಿಗೆ ತಲೆದೂಗಲೇಬೇಕು. ಆದರೆ ಆ ಹೊತ್ತಿನಲ್ಲಿ ನಾನು ಕೇಳುತ್ತಿದ್ದದ್ದು ಹಾಡುಗಾರನನ್ನು, ಆ ಹೆಂಗಸನ್ನಲ್ಲ. ಹೆಜ್ಜೆಯ ಸಪ್ಪಳದ ಜಾಗ ಬರುವ ಹೊತ್ತಿಗೆ ಪಾದದ ಮಾತು ಎಲ್ಲಿತ್ತೆಂದೇ ಮರೆತಿತ್ತು.

ಹಳೆಯ ಹಸ್ತಪ್ರತಿಗಳಲ್ಲಿ ಉಳಿದಿರುವ ಧಾಟಿ ಹೀಗಲ್ಲ. ಅದು ಚಿಕ್ಕದು, ಬಹುಮಟ್ಟಿಗೆ ಒಂದು ಅಕ್ಷರಕ್ಕೆ ಒಂದೋ ಎರಡೋ ಸ್ವರ. ಮಾತಿಗೆ ಸಂಗೀತ ಅಡ್ಡ ನಿಲ್ಲುವುದಿಲ್ಲ. ಅಮೆರಿಕದ ಕಪೆಲ್ಲಾ ರೊಮಾನಾ ಎಂಬ ಗಾಯನ ತಂಡ ಅಲೆಕ್ಸಾಂಡರ್ ಲಿಂಗಾಸ್ ಅವರ ನಿರ್ದೇಶನದಲ್ಲಿ 2021ರಲ್ಲಿ ಕಾಸಿಯಾಳ ಹಾಡುಗಳ ಒಂದು ಸಂಗ್ರಹ ತಂದಿದೆ. ಅದೂ ನನ್ನ ವಿದ್ಯಾರ್ಥಿನಿಯ ಕೃಪೆಯಿಂದಲೇ ನನ್ನ ಫೋನಿಗೆ ಬಂತು. ಮೊದಲು ಬಂದ ಜರ್ಮನಿಯ ಸಿ.ಡಿ.ಯಲ್ಲಿ ಹೆಂಗಸರ ಕೊರಳು ತಿಳಿಯಾಗಿದೆ, ಆದರೆ ಅಲ್ಲಲ್ಲಿ ವಾದ್ಯಗಳನ್ನು ಸೇರಿಸಿದ್ದಾರೆ. ಚರ್ಚಿನಲ್ಲಿ ಇಲ್ಲದ ವಾದ್ಯ ಇಲ್ಲೇಕೆ ಎಂದು ನನಗನಿಸಿತು. ಬರಿಯ ಕೊರಳಿಗೆ ಅವರು ಹೆದರಬೇಕಿರಲಿಲ್ಲ. ಎರಡನೆಯದರಲ್ಲಿ ಆ ಗೊಂದಲ ಇಲ್ಲ. ಹಬ್ಬದ ಸೇವೆಯ ಕ್ರಮದಲ್ಲೇ ಹಾಡುಗಳು ಬರುವುದರಿಂದ, ಬಿಡಿ ಹೂವು ನೋಡಿದ ಹಾಗಾಗದೆ ಗಿಡ ನೋಡಿದ ಹಾಗಾಗುತ್ತದೆ.

ಹೋದ ವರ್ಷ ಒಂಬತ್ತನೆಯ ತರಗತಿಯಲ್ಲಿ ಈ ಕಥೆಯನ್ನು ಮತ್ತೆ ಹೇಳಿದೆ. ಈ ಸಲ ಇಸವಿಗಳನ್ನು ಬೋರ್ಡಿನ ಮೇಲೆ ಬರೆದು, 826ನ್ನು ಮೇಲೆ, 830ನ್ನು ಕೆಳಗೆ ಇಟ್ಟು, ಮೊದಲು ನ���ನು ತಪ್ಪಾಗಿ ಹೇಳುತ್ತಿದ್ದೆ ಎಂದೂ ಹೇಳಿ, ಪತ್ರಗಳ ವಿಷಯ ತಿಳಿಸಿದೆ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತಳು. 'ಮೇಡಂ, ಅವಳಿಗೆ ಸನ್ಯಾಸಿನಿ ಆಗಬೇಕು ಅಂತ ಮೊದಲೇ ಇದ್ದರೆ ಆ ಸಾಲಿನಲ್ಲಿ ಹೋಗಿ ಯಾಕೆ ನಿಂತಳು?'

ಒಳ್ಳೆಯ ಪ್ರಶ್ನೆ. ವಿದ್ವಾಂಸರಲ್ಲಿ ಕೆಲವರು ಇದೇ ಪ್ರಶ್ನೆಯಿಂದಲೇ ಸೇಬಿನ ಕಥೆ ಸುಳ್ಳೆನ್ನುತ್ತಾರೆ. ನಾನು ಉತ್ತರ ಹೇಳುವ ಮೊದಲೇ ಅವಳ ಪಕ್ಕದ ಹುಡುಗಿ, 'ಅವರ ಅಮ್ಮ ನಿಲ್ಲಿಸಿರುತ್ತಾರೆ ಕಣೇ, ಮೊನ್ನೆ ನಮ್ಮ ಅಕ್ಕನ್ನ ನಿಲ್ಲಿಸಲಿಲ್ವಾ' ಎಂದಳು. ತರಗತಿಯೆಲ್ಲ ನಕ್ಕಿತು. ಅಕ್ಕ ಏನೆಂದಳು ಎಂದು ಕೇಳಿದೆ. 'ಏನೂ ಅನ್ನಲಿಲ್ಲ ಮೇಡಂ. ಅವಳು ಪಿ.ಯು.ಸಿ. ಪರೀಕ್ಷೆಗೆ ಕಟ್ಟಿದ್ದಾಳೆ' ಎಂದಳು.